ಚೆನ್ನಾಗಿದ್ದೀನಿ ಅಂತ ಬಿಟ್ಟೆ, ಅಲ್ಲೇ ಎಡವಿದೆ

ದೀಪಾವಳಿಗೆ ಇನ್ನೆರಡು ದಿನ ಇತ್ತು. ವರ್ಕ್ ಫ್ರಮ್ ಹೋಮ್ ಕೇಳಿಕೊಂಡು ಬೆಂಗಳೂರಿನಿಂದ ತಿಪಟೂರಿಗೆ ಬಂದಿದ್ದೆ. "ಅಟ್ಟದ ಮೇಲಿರೋ ಟ್ರಂಕ್ ಇಳಿಸಿಕೊಡೇ, ಹಳೇ ರಜಾಯಿಗಳನ್ನೆಲ್ಲ ಬಿಸಿಲಿಗೆ ಹಾಕ್ತೀನಿ" ಅಂದಳು ಅಮ್ಮ. ತಮ್ಮ ಮಂಜು ಏಣಿ ಹಿಡಿದ, ನಾನು ಹತ್ತಿದೆ. ಟ್ರಂಕಿನ ಮುಚ್ಚಳ ತೆಗೆದಿದ್ದೇ ತಡ, ವರ್ಷಗಟ್ಟಲೆ ಕೂತಿದ್ದ ಧೂಳು ಮುಖಕ್ಕೆ ಬಂತು. ಹತ್ತು ಸೀನು, ಮೂಗಲ್ಲಿ ನೀರು, ಎದೆ ಬಿಗಿತ, ಆಮೇಲೆ ಆ ಹಳೇ ಸುಯ್ ಸುಯ್ ಸದ್ದು.

ಬ್ಯಾಗಲ್ಲಿದ್ದ ನೀಲಿ ಇನ್ಹೇಲರ್ ತೆಗೆದು ಎರಡು ಪಫ್ ಎಳೆದೆ. ಹತ್ತು ನಿಮಿಷಕ್ಕೆ ಎಲ್ಲ ಸರಿಹೋಯ್ತು. ಸಂಜೆ ಅಮ್ಮನ ಜೊತೆ ಕೂತು ಕಜ್ಜಾಯ ತಟ್ಟಿದೆ, ಮಂಜು ಜೊತೆ ಜಗಳ ಆಡಿದೆ, ಹೊಟ್ಟೆ ತುಂಬ ಊಟ ಮಾಡಿ ಮಲಗಿದೆ.

ರಾತ್ರಿ ಒಂದೂವರೆಗೆ ಎಚ್ಚರ ಆಯ್ತು. ಎದೆ ಮೇಲೆ ಯಾರೋ ಕೂತ ಹಾಗೆ. ಎರಡು ಪಫ್ ಎಳೆದೆ. ಇನ್ನೆರಡು ಎಳೆದೆ. ಏನೂ ಆಗಲಿಲ್ಲ. ಮಧ್ಯಾಹ್ನ ಹತ್ತು ನಿಮಿಷದಲ್ಲಿ ಕೆಲಸ ಮಾಡಿದ ಅದೇ ಇನ್ಹೇಲರ್ ಈಗ ಬರೀ ಗಾಳಿ ಊದಿದ ಹಾಗಿತ್ತು. ಮಂಜುನ ಎಬ್ಬಿಸಿ "ಗಾಡಿ ತೆಗಿ" ಅನ್ನಬೇಕಿತ್ತು. "ಗಾಡಿ" ಅಂದೆ, "ತೆಗಿ" ಅನ್ನೋಕೆ ಇನ್ನೊಂದು ಉಸಿರು ಬೇಕಾಯ್ತು.

ಆಸ್ಪತ್ರೆಯಲ್ಲಿ ಆಕ್ಸಿಜನ್, ನೆಬ್ಯುಲೈಸರ್, ಸ್ಟೀರಾಯ್ಡ್ ಇಂಜೆಕ್ಷನ್. ಬೆಳಗಿನ ಜಾವದ ಹೊತ್ತಿಗೆ ಮಾತಾಡೋ ಹಾಗಾದೆ. ಡ್ಯೂಟಿಯಲ್ಲಿದ್ದ ಡಾಕ್ಟರಮ್ಮ ನನ್ನ ನೀಲಿ ಇನ್ಹೇಲರ್ ಕೈಯಲ್ಲಿ ತಿರುಗಿಸುತ್ತಾ ಕೇಳಿದರು, "ಇದು ಸರಿ, ಇನ್ನೊಂದು ಎಲ್ಲಿ?"

"ಅದು ಬಿಟ್ಟು ಆರು ತಿಂಗಳಾಯ್ತು ಡಾಕ್ಟ್ರೇ. ಚೆನ್ನಾಗಿದ್ದೆ."

"ಅದನ್ನ ತಗೊಳ್ತಿದ್ದಕ್ಕೇ ಚೆನ್ನಾಗಿದ್ದೆ ಕಣಮ್ಮ" ಅಂದರು.

ಆ ಒಂದು ಮಾತು ಅರ್ಥ ಮಾಡಿಕೊಳ್ಳೋಕೆ ನಾನು ಮುಂದಿನ ಒಂದು ತಿಂಗಳು ಓದಿದೆ. ಮೊಬೈಲಲ್ಲೇ, ಮೆಟ್ರೋದಲ್ಲಿ ನಿಂತುಕೊಂಡು. ಇನ್ಹೇಲರ್ ಜೇಬಲ್ಲಿಟ್ಟುಕೊಂಡು ಓಡಾಡೋ ನಿಮ್ಮಲ್ಲಿ ಕೆಲವರಿಗಾದರೂ ಉಪಯೋಗಕ್ಕೆ ಬರಲಿ ಅಂತ ಬರೀತಿದ್ದೀನಿ.

ಒಂದೇ ಧೂಳು, ಎರಡು ಸಲ ದಾಳಿ

ಮೊದಲು ನನ್ನ ತಲೆ ತಿಂದ ಪ್ರಶ್ನೆ ಇದು: ಧೂಳು ಕುಡಿದಿದ್ದು ಸಂಜೆ ನಾಲ್ಕಕ್ಕೆ, ಆಸ್ಪತ್ರೆ ಸೇರಿದ್ದು ನಡುರಾತ್ರಿ. ಮಧ್ಯದಲ್ಲಿ ಆರಾಮಾಗಿದ್ದೆನಲ್ಲ?

ಅಲರ್ಜಿಯಿಂದ ಬರೋ ಅಸ್ತಮಾದಲ್ಲಿ ಇದು ಮಾಮೂಲಿ ವರಸೆಯಂತೆ. ಮೊದಲನೇ ಹಂತ ನಿಮಿಷಗಳ ಲೆಕ್ಕ. ಶ್ವಾಸನಾಳದ ಗೋಡೆಯಲ್ಲಿ ಮಾಸ್ಟ್ ಕಣಗಳು ಅಂತ ಇರ್ತವೆ. ಅವುಗಳ ಮೈಮೇಲೆ ಐಜಿಇ ಅನ್ನೋ ಪ್ರತಿಕಾಯ ಅಂಟಿಕೊಂಡು ಕಾಯ್ತಿರುತ್ತೆ. 1966ರಲ್ಲಿ ಇದನ್ನ ಗುರುತಿಸಿದ್ದು ಅಮೆರಿಕದ ಡೆನ್ವರ್‌ನಲ್ಲಿ ಕೆಲಸ ಮಾಡ್ತಿದ್ದ ಜಪಾನಿನ ದಂಪತಿ, ಕಿಮಿಶಿಗೆ ಮತ್ತು ತೆರುಕೊ ಇಶಿಜಾಕಾ. ಹೆಚ್ಚುಕಮ್ಮಿ ಅದೇ ಸಮಯಕ್ಕೆ ಸ್ವೀಡನ್ನಿನ ವಿಜ್ಞಾನಿಗಳೂ ಕಂಡುಕೊಂಡರು. ಪರಿಚಯದ ಧೂಳು ಬಂದು ತಾಗಿದ ಕೂಡಲೇ ಮಾಸ್ಟ್ ಕಣ ಒಡೆದ ಹಾಗೆ ಹಿಸ್ಟಮಿನ್, ಲ್ಯೂಕೊಟ್ರೈನ್ ಅನ್ನೋ ರಾಸಾಯನಿಕಗಳನ್ನ ಹೊರಗೆ ಚೆಲ್ಲುತ್ತೆ. ಶ್ವಾಸನಾಳದ ಸುತ್ತ ಇರೋ ಸ್ನಾಯು ಬಿಗಿದುಕೊಳ್ಳುತ್ತೆ. ಅದು ನನ್ನ ನಾಲ್ಕು ಗಂಟೆಯ ಸುಯ್ ಸುಯ್.

ಎರಡನೇ ಹಂತ ಗಂಟೆಗಳ ಲೆಕ್ಕ. ಧೂಳು ತಾಗಿದ ಮೂರು ನಾಲ್ಕು ಗಂಟೆ ಆದಮೇಲೆ ನಿಧಾನಕ್ಕೆ ಶುರುವಾಗಿ ಏರುತ್ತಾ ಹೋಗುತ್ತೆ. ಅದಕ್ಕೆ ಕಾರಣ ಬರೀ ಬಿಗಿದ ಸ್ನಾಯು ಅಲ್ಲ. ರಕ್ತದಿಂದ ಬಿಳಿ ಕಣಗಳು ದಂಡು ಕಟ್ಟಿಕೊಂಡು ಬಂದು ಶ್ವಾಸನಾಳದ ಗೋಡೆಯನ್ನ ಊದಿಸಿ, ಕಫ ತುಂಬಿಸಿರುತ್ತವೆ. ನಾನು ಕಜ್ಜಾಯ ತಟ್ಟುತ್ತಾ ನಗ್ತಿದ್ದಾಗ ಒಳಗೆ ಈ ದಂಡು ಸೇರುತ್ತಾ ಇತ್ತು.

ಆ ದಂಡಿಗೆ ಹೇಳಿ ಕಳಿಸಿದ್ದು ಯಾರು? ಅಲ್ಲಿಗೆ ಬರ್ತಾರೆ ಸೈಟೊಕೈನ್‌ಗಳು.

ಫ್ಯಾಮಿಲಿ ಗ್ರೂಪಿಗೆ ಬಿದ್ದ ಮೆಸೇಜು

ಸೈಟೊಕೈನ್ ಅಂದ್ರೆ ರೋಗನಿರೋಧಕ ವ್ಯವಸ್ಥೆಯ ಕಣಗಳು ಒಂದಕ್ಕೊಂದು ಕಳಿಸೋ ಸಂದೇಶ. ಪುಟ್ಟ ಪ್ರೋಟೀನ್ ಅಣುಗಳು. ಅವು ತಾವಾಗಿ ಯಾರನ್ನೂ ಹೊಡೆಯಲ್ಲ, ಬಡಿಯಲ್ಲ. ಹೇಳ್ತವೆ ಅಷ್ಟೇ. ಕೇಳಿಸಿಕೊಂಡವರು ಕೆಲಸ ಮಾಡ್ತಾರೆ.

ನಮ್ಮ ಮನೆ ವಾಟ್ಸ್ಆಪ್ ಗ್ರೂಪಲ್ಲಿ ಒಂದು ಸಲ ಪಕ್ಕದ ಮನೆ ಆಂಟಿ ಮಂಜುಗೆ ಜ್ವರ ಅಂತ ಒಂದು ಮೆಸೇಜ್ ಹಾಕಿದ್ರು. ಸಂಜೆ ಹೊತ್ತಿಗೆ ಗುಬ್ಬಿಯಿಂದ ಇಬ್ಬರು, ಅರಸೀಕೆರೆಯಿಂದ ಮೂವರು, ಕೈಯಲ್ಲಿ ಎಳನೀರು, ಬ್ರೆಡ್ಡು. ಜ್ವರ ಮಾರನೇ ದಿನಕ್ಕೆ ಬಿಟ್ಟಿತು. ನೆಂಟರು ನಾಲ್ಕು ದಿನ ಇದ್ದರು. ಅಸ್ತಮಾದ ಶ್ವಾಸನಾಳದಲ್ಲಿ ನಡೆಯೋದೂ ಸುಮಾರಾಗಿ ಇದೇ.

ಮೊದಲ ಮೆಸೇಜ್ ಹಾಕೋದು ಶ್ವಾಸನಾಳದ ಒಳಪದರ. ಹಾಸಿಗೆ, ದಿಂಬು, ರಜಾಯಿಯಲ್ಲಿ ಕಣ್ಣಿಗೆ ಕಾಣದ ಧೂಳು ಹುಳಗಳು ಇರ್ತವೆ. ನಮ್ಮ ಚರ್ಮದ ಹೊಟ್ಟೇ ಅವುಗಳ ಊಟ. ಅವುಗಳ ಹಿಕ್ಕೆಯಲ್ಲಿರೋ ಕೆಲವು ಪ್ರೋಟೀನುಗಳು ಈ ಒಳಪದರವನ್ನ ಕೆಣಕುತ್ತವೆ. ನೆಗಡಿ ವೈರಸ್, ಡೀಸೆಲ್ ಹೊಗೆ, ಸಿಗರೇಟ್ ಹೊಗೆ ಕೂಡ ಅದೇ ಕೆಲಸ ಮಾಡ್ತವೆ. ಪೆಟ್ಟು ತಿಂದ ಒಳಪದರ ಟಿಎಸ್‌ಎಲ್‌ಪಿ, ಐಎಲ್-33, ಐಎಲ್-25 ಅನ್ನೋ ಅಣುಗಳನ್ನ ಬಿಡುತ್ತೆ. ಇವಕ್ಕೆ ಅಲಾರ್ಮಿನ್ ಅಂತಲೇ ಹೆಸರು. ಐಎಲ್ ಅಂದ್ರೆ ಇಂಟರ್‌ಲ್ಯೂಕಿನ್, ಸೈಟೊಕೈನ್‌ಗಳಲ್ಲಿ ಒಂದು ದೊಡ್ಡ ಕುಟುಂಬ.

ಈ ಅಲಾರಂ ಕೇಳಿ ಏಳೋದು ಟೈಪ್ 2 ಸಹಾಯಕ ಟಿ ಕಣಗಳು ಮತ್ತು ಅವುಗಳ ಸೋದರಸಂಬಂಧಿಗಳಂಥ ಇನ್ನೊಂದು ಜಾತಿಯ ಬಿಳಿ ಕಣಗಳು. ಇವು ಮತ್ತೆ ಮೂರು ಮೆಸೇಜ್ ಹಾಕ್ತವೆ. ಈ ಮೂರು ಹೆಸರು ನೆನಪಿಟ್ಟುಕೊಂಡರೆ ಅಸ್ತಮಾದ ಮುಕ್ಕಾಲು ಕಥೆ ಸಿಕ್ಕ ಹಾಗೆ.

ಐಎಲ್-4 ಹೇಳೋದು: "ಐಜಿಇ ತಯಾರಿಸಿ." ಅಂದ್ರೆ ಮುಂದಿನ ಸಲ ಧೂಳು ಬಂದಾಗ ಸಿಡಿಯೋಕೆ ಮದ್ದು ತುಂಬಿಡೋದು.

ಐಎಲ್-5 ಹೇಳೋದು: "ಇಯೊಸಿನೊಫಿಲ್ ಕಳಿಸಿ." ಇಯೊಸಿನೊಫಿಲ್ ಅನ್ನೋದು ಒಂದು ಬಗೆಯ ಬಿಳಿ ರಕ್ತಕಣ. ಇಯೊಸಿನ್ ಅನ್ನೋ ಕೆಂಪು ಬಣ್ಣವನ್ನ ಚೆನ್ನಾಗಿ ಹೀರಿಕೊಳ್ಳುತ್ತೆ ಅಂತ ಜರ್ಮನಿಯ ಪೌಲ್ ಎರ್ಲಿಕ್ 1879ರಲ್ಲಿ ಕೊಟ್ಟ ಹೆಸರು. ಹೊಟ್ಟೆಹುಳದಂಥ ಪರಾವಲಂಬಿಗಳ ವಿರುದ್ಧ ಹೋರಾಡೋ ಕಣ ಇದು. ಐಎಲ್-5 ಮೂಳೆಮಜ್ಜೆಯಲ್ಲಿ ಇವುಗಳನ್ನ ಬೆಳೆಸುತ್ತೆ, ಜೊತೆಗೆ ಬೇಗ ಸಾಯದ ಹಾಗೂ ನೋಡಿಕೊಳ್ಳುತ್ತೆ. ನೆಂಟರು ನಾಲ್ಕು ದಿನ ಉಳಿಯೋದು ಹೀಗೆ. ಹೋರಾಡೋಕೆ ಹುಳ ಇಲ್ಲ, ಹಾಗಾಗಿ ಅವುಗಳ ವಿಷ ನಮ್ಮ ಶ್ವಾಸನಾಳದ ಒಳಪದರಕ್ಕೇ ಬೀಳುತ್ತೆ.

ಐಎಲ್-13 ಹೇಳೋದು: "ಕಫ ಹೆಚ್ಚು ಮಾಡಿ." ಸುತ್ತಲಿನ ಸ್ನಾಯು ಸಣ್ಣ ಕಾರಣಕ್ಕೂ ಬಿಗಿಯೋ ಹಾಗೆ ಮಾಡೋದೂ ಇದೇ. ಒಗ್ಗರಣೆ ಹೊಗೆ, ತಣ್ಣನೆ ಗಾಳಿ, ಜೋರು ನಗು, ಬೇರೆಯವರಿಗೆ ಏನೂ ಅನ್ನಿಸದ್ದು ನಮಗೆ ಕೆಮ್ಮು ತರಿಸೋದು ಇದಕ್ಕೇ.

ಪೆಟ್ಟು ತಿಂದ ಒಳಪದರ ಮತ್ತೆ ಅಲಾರಂ ಹೊಡೆಯುತ್ತೆ. ಮತ್ತೆ ಮೆಸೇಜು, ಮತ್ತೆ ನೆಂಟರು. ಚಕ್ರ ತಿರುಗ್ತಾ ಇರುತ್ತೆ.

ನೀಲಿ ಇನ್ಹೇಲರ್ ಯಾಕೆ ಸೋತಿತು

ನನ್ನ ನೀಲಿ ಇನ್ಹೇಲರ್‌ನಲ್ಲಿ ಇರೋದು ಸಾಲ್ಬುಟಮಾಲ್. ಬಿಗಿದ ಸ್ನಾಯುವನ್ನ ನಿಮಿಷಗಳಲ್ಲಿ ಸಡಿಲ ಮಾಡುತ್ತೆ. ನಾಲ್ಕರಿಂದ ಆರು ಗಂಟೆ ಕೆಲಸ ಮಾಡುತ್ತೆ. ಆದರೆ ಐಎಲ್-5ಗೆ ಬಾಯಿ ಮುಚ್ಚು ಅನ್ನೋ ಶಕ್ತಿ ಅದಕ್ಕಿಲ್ಲ. ಊತ ಇಳಿಸಲ್ಲ, ಕಫ ಕಡಿಮೆ ಮಾಡಲ್ಲ. ರಾತ್ರಿ ಒಂದೂವರೆಗೆ ನನ್ನ ಶ್ವಾಸನಾಳ ಮುಚ್ಚಿದ್ದು ಹೆಚ್ಚಾಗಿ ಊತ ಮತ್ತು ಕಫದಿಂದ. ಸ್ನಾಯು ಸಡಿಲಿಸಿದರೆ ಎಷ್ಟು ದಾರಿ ಬಿಟ್ಟೀತು?

ನಾನು ಬಿಟ್ಟಿದ್ದ "ಇನ್ನೊಂದು" ಇನ್ಹೇಲರ್‌ನಲ್ಲಿ ಇದ್ದದ್ದು ಸ್ಟೀರಾಯ್ಡ್. ಅದು ಕಣದ ಒಳಗೆ ಹೋಗಿ ಈ ಸೈಟೊಕೈನ್‌ಗಳನ್ನ ತಯಾರಿಸೋ ವಂಶವಾಹಿಗಳ ಕೆಲಸವನ್ನೇ ತಗ್ಗಿಸುತ್ತೆ. ಮೆಸೇಜ್ ಬರೆಯೋದೇ ಕಡಿಮೆಯಾದರೆ ನೆಂಟರೂ ಕಡಿಮೆ. ಆದರೆ ಅದಕ್ಕೆ ಸಮಯ ಬೇಕು. ಪೂರ್ತಿ ಪರಿಣಾಮ ಕಾಣೋಕೆ ಕೆಲವು ವಾರಗಳೇ ಆಗಬಹುದು. ತಗೊಂಡ ಕೂಡಲೇ ಏನೂ ಅನ್ನಿಸಲ್ಲ, ಬಿಟ್ಟ ಕೂಡಲೇ ಏನೂ ಅನ್ನಿಸಲ್ಲ. ಅಲ್ಲೇ ನಾವೆಲ್ಲ ಮೋಸ ಹೋಗೋದು. ನೀಲಿಯದು ತಕ್ಷಣ ಆರಾಮ ಕೊಡುತ್ತೆ, ಅದೇ ನಿಜವಾದ ಔಷಧಿ ಅನ್ನಿಸುತ್ತೆ. ಇನ್ನೊಂದು ಸದ್ದಿಲ್ಲದೆ ಕೆಲಸ ಮಾಡುತ್ತೆ, ದುಡ್ಡು ದಂಡ ಅನ್ನಿಸುತ್ತೆ.

ಅಸ್ತಮಾ ಚಿಕಿತ್ಸೆಗೆ ಜಗತ್ತಿನಾದ್ಯಂತ ಡಾಕ್ಟರುಗಳು ನೋಡೋ ಜೀನಾ ಮಾರ್ಗಸೂಚಿ 2019ರಲ್ಲಿ ಇದನ್ನ ಸ್ಪಷ್ಟವಾಗಿ ಹೇಳಿತು: ದೊಡ್ಡವರು, ಹದಿಹರೆಯದವರು ಬರೀ ಸಾಲ್ಬುಟಮಾಲ್ ಥರದ ಔಷಧಿಯನ್ನೇ ನೆಚ್ಚಿಕೊಂಡು ಇರಬಾರದು, ಸ್ಟೀರಾಯ್ಡ್ ಇರೋ ಇನ್ಹೇಲರ್ ಯಾವುದಾದರೂ ರೂಪದಲ್ಲಿ ಇರಲೇಬೇಕು. ವರ್ಷಕ್ಕೆ ಮೂರು ಅಥವಾ ಹೆಚ್ಚು ನೀಲಿ ಕ್ಯಾನಿಸ್ಟರ್ ಖಾಲಿ ಮಾಡೋರಿಗೆ ತೀವ್ರ ದಾಳಿಯ ಅಪಾಯ ಜಾಸ್ತಿ, ಹನ್ನೆರಡು ಅಥವಾ ಹೆಚ್ಚಾದರೆ ಸಾವಿನ ಅಪಾಯವೂ ಜಾಸ್ತಿ ಅಂತಲೂ ಅದು ಎಚ್ಚರಿಸುತ್ತೆ. ನಾನು ಆ ಆರು ತಿಂಗಳಲ್ಲಿ ಖಾಲಿ ಮಾಡಿದ್ದು ನಾಲ್ಕು.

"ಪಂಪ್ ಅಭ್ಯಾಸ ಆಗಿಬಿಡುತ್ತೆ"

ನಾನು ಸ್ಟೀರಾಯ್ಡ್ ಇನ್ಹೇಲರ್ ಬಿಟ್ಟಿದ್ದು ಸೋಮಾರಿತನಕ್ಕೆ ಅಂತ ಹೇಳಿದರೆ ಅರ್ಧ ಸುಳ್ಳು. ಮನೆಗೆ ಹುಡುಗನ ಕಡೆಯವರು ಬರೋರಿದ್ದರು. "ಅವರ ಮುಂದೆ ಆ ಪಂಪ್ ತೆಗೀಬೇಡ್ವೇ" ಅಂದಿದ್ದಳು ಅಮ್ಮ. "ಈಗ ಹೇಗೂ ಚೆನ್ನಾಗಿದ್ದೀಯಲ್ಲ, ನಿಲ್ಲಿಸಿಬಿಡು. ಅಭ್ಯಾಸ ಆದ್ರೆ ಜೀವನಪೂರ್ತಿ ಬಿಡಲ್ಲ."

ಅಮ್ಮನ ಭಯಕ್ಕೆ ಕಾರಣ ಇತ್ತು. ದೊಡ್ಡಮ್ಮನಿಗೂ, ಅಂದ್ರೆ ಅಮ್ಮನ ಅಕ್ಕನಿಗೂ, ಉಬ್ಬಸ ಇತ್ತು. ಮಳೆಗಾಲ ಬಂದರೆ ಮೂರು ದಿಂಬು ಒರಗಿಸಿಕೊಂಡು ಕೂತೇ ನಿದ್ದೆ ಮಾಡ್ತಿದ್ದರು. ಕಷಾಯ, ಪಥ್ಯ, ಮೃಗಶಿರಾ ಮಳೆ ಹೊತ್ತಿಗೆ ಹೈದರಾಬಾದಿಗೆ ಹೋಗಿ ಮೀನಿನ ಪ್ರಸಾದ, ಎಲ್ಲ ಆಗಿತ್ತು. ಕೊನೆಗೆ ಯಾರೋ ಒಂದು ಪಂಪ್ ಬರೆದುಕೊಟ್ಟರು. ಮೊದಲು ದಿನಕ್ಕೊಂದು ಸಲ, ಆಮೇಲೆ ನಾಲ್ಕು ಸಲ, ಆಮೇಲೆ ಅದು ಕೈ ಬಿಡಲೇ ಇಲ್ಲ. ನಾನು ಆರನೇ ಕ್ಲಾಸಲ್ಲಿದ್ದಾಗ ಒಂದು ರಾತ್ರಿ ಆಸ್ಪತ್ರೆ ಮುಟ್ಟೋಕೆ ಮುಂಚೆಯೇ ಹೋಗಿಬಿಟ್ಟರು. ಅಮ್ಮನ ತಲೆಯಲ್ಲಿ ಕೂತ ಲೆಕ್ಕ ಇಷ್ಟೇ: ಪಂಪ್ ಶುರುವಾಯ್ತು, ಅಭ್ಯಾಸ ಆಯ್ತು, ಅಕ್ಕ ಹೋದಳು.

ಸ್ಟೀರಾಯ್ಡ್ ಇನ್ಹೇಲರ್ ಚಟ ಹಿಡಿಸೋ ವಸ್ತು ಅಲ್ಲ. ಬಿಟ್ಟಾಗ ತೊಂದರೆ ಮರುಕಳಿಸೋದು ಚಟದಿಂದಲ್ಲ, ಧೂಳು ಮತ್ತೆ ತಾಗುತ್ತೆ, ಮೆಸೇಜ್ ಮತ್ತೆ ಶುರುವಾಗುತ್ತೆ, ಅದಕ್ಕೆ. ಸ್ಟೀರಾಯ್ಡ್ ಅನ್ನೋ ಪದಕ್ಕೇ ಹೆದರೋರಿಗೆ ಒಂದು ಲೆಕ್ಕ: ನನ್ನ ಇನ್ಹೇಲರ್‌ನ ಒಂದು ಪಫ್‌ನಲ್ಲಿರೋದು 200 ಮೈಕ್ರೋಗ್ರಾಂ, ಅದೂ ಬಹುಪಾಲು ಶ್ವಾಸನಾಳಕ್ಕೇ ಕೆಲಸ ಮಾಡೋಕೆ. ಆ ದಾಳಿ ಆದಮೇಲೆ ನಾನು ನುಂಗಬೇಕಾಗಿ ಬಂದ ಸ್ಟೀರಾಯ್ಡ್ ಮಾತ್ರೆ ದಿನಕ್ಕೆ 40 ಮಿಲಿಗ್ರಾಂ, ಅಂದ್ರೆ 40,000 ಮೈಕ್ರೋಗ್ರಾಂ, ಮೈಗೆಲ್ಲ ಹರಡೋ ಹಾಗೆ. ಎರಡೂ ಬೇರೆ ಬೇರೆ ಔಷಧಿ, ನೇರವಾಗಿ ತೂಗೋಕಾಗಲ್ಲ. ಆದರೂ ಸಣ್ಣದಕ್ಕೆ ಹೆದರಿ ದೊಡ್ಡದನ್ನ ಮೈಮೇಲೆ ಎಳೆದುಕೊಂಡೆ ಅನ್ನೋದಂತೂ ನಿಜ.

ಸೋತ ಔಷಧಿ ಗೆದ್ದ ಕಥೆ

ಓದುವಾಗ ನನಗೆ ತುಂಬಾ ಹಿಡಿಸಿದ ಒಂದು ಕಥೆ ಇದೆ. ಐಎಲ್-5 ಅಷ್ಟು ಕಾಟ ಕೊಡುತ್ತೆ ಅಂದ್ರೆ ಅದನ್ನೇ ಹಿಡಿದು ಕಟ್ಟಿಹಾಕಬಾರದೇಕೆ ಅಂತ ವಿಜ್ಞಾನಿಗಳು ಮೆಪೊಲಿಜುಮ್ಯಾಬ್ ಅನ್ನೋ ಪ್ರತಿಕಾಯದ ಇಂಜೆಕ್ಷನ್ ಮಾಡಿದರು. ರಕ್ತದಲ್ಲಿ ಇಯೊಸಿನೊಫಿಲ್ ಸರ್ರನೆ ಇಳಿಯಿತು. ಆದರೆ 2007ರಲ್ಲಿ ಪ್ರಕಟವಾದ ಮುನ್ನೂರಕ್ಕೂ ಹೆಚ್ಚು ಜನರ ಮೇಲಿನ ಪರೀಕ್ಷೆಯಲ್ಲಿ ಅಸ್ತಮಾ ಹೇಳಿಕೊಳ್ಳೋ ಹಾಗೆ ಸುಧಾರಿಸಲಿಲ್ಲ. ಇನ್ನೇನು, ಔಷಧಿ ಮೂಲೆಗೆ ಸೇರಬೇಕಿತ್ತು.

ಆಗ ಇಂಗ್ಲೆಂಡಿನ ಲೆಸ್ಟರ್ ಮತ್ತು ಕೆನಡಾದ ಹ್ಯಾಮಿಲ್ಟನ್‌ನ ಎರಡು ತಂಡಗಳು ಬೇರೆ ಥರ ಯೋಚನೆ ಮಾಡಿದವು. ಅಸ್ತಮಾ ಇರೋ ಎಲ್ಲರಿಗೂ ಕೊಡೋ ಬದಲು, ಸ್ಟೀರಾಯ್ಡ್ ತಗೊಂಡರೂ ಕಫದಲ್ಲಿ ಇಯೊಸಿನೊಫಿಲ್ ತುಂಬಿರೋರನ್ನ ಮಾತ್ರ ಆರಿಸಿದರು. 2009ರಲ್ಲಿ ಫಲಿತಾಂಶ ಬಂತು. ಲೆಸ್ಟರ್‌ನಲ್ಲಿ ತೀವ್ರ ದಾಳಿಗಳು ಗಣನೀಯವಾಗಿ ಇಳಿದವು, ಹ್ಯಾಮಿಲ್ಟನ್‌ನಲ್ಲಿ ರೋಗಿಗಳ ಸ್ಟೀರಾಯ್ಡ್ ಮಾತ್ರೆ ಕಡಿಮೆ ಮಾಡೋಕೆ ಆಯ್ತು. ಅದೇ ಔಷಧಿ, ಸರಿಯಾದ ಜನ. 2015ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು.

ಇದರಿಂದ ಗೊತ್ತಾಗೋದು ಏನು ಅಂದ್ರೆ, ಅಸ್ತಮಾ ಅನ್ನೋದು ಒಂದೇ ಹೆಸರಿನ ಹಲವು ಕಾಯಿಲೆ. ಹೊರಗೆ ಕೇಳೋ ಸುಯ್ ಸುಯ್ ಒಂದೇ, ಒಳಗೆ ಓಡಾಡೋ ಮೆಸೇಜ್ ಬೇರೆ ಬೇರೆ. ಕೆಲವರಲ್ಲಿ ಇಯೊಸಿನೊಫಿಲ್ ಪಾತ್ರ ಕಡಿಮೆ ಇರುತ್ತೆ, ಅವರಿಗೆ ಈ ಔಷಧಿ ಕೊಟ್ಟು ಉಪಯೋಗ ಇಲ್ಲ. ಈಗ ಐಜಿಇ ತಡೆಯೋ ಒಮಾಲಿಜುಮ್ಯಾಬ್, ಐಎಲ್-4 ಮತ್ತು ಐಎಲ್-13 ಎರಡಕ್ಕೂ ಬಾಗಿಲು ಮುಚ್ಚೋ ಡುಪಿಲುಮ್ಯಾಬ್, ಮೊದಲ ಅಲಾರಂ ಟಿಎಸ್‌ಎಲ್‌ಪಿಯನ್ನೇ ಹಿಡಿಯೋ ಟೆಜೆಪೆಲುಮ್ಯಾಬ್ ಎಲ್ಲ ಬಂದಿವೆ. ದುಬಾರಿ, ತೀವ್ರ ಅಸ್ತಮಾದವರಿಗೆ ಮಾತ್ರ. ನನ್ನಂಥ ಹೆಚ್ಚಿನವರಿಗೆ ದಿನಾ ತಪ್ಪದೆ ತಗೊಳ್ಳೋ ಇನ್ಹೇಲರೇ ಸಾಕು. ಅದನ್ನ ಸರಿಯಾಗಿ ತಗೋಬೇಕು, ಅಷ್ಟೇ.

ನಾನು ಈಗ ಮಾಡ್ತಿರೋದು

ಬೆಂಗಳೂರಿಗೆ ವಾಪಸ್ ಬಂದಮೇಲೆ ಶ್ವಾಸಕೋಶ ತಜ್ಞರನ್ನ ಕಂಡೆ. ಸ್ಪೈರೋಮೆಟ್ರಿ ಮಾಡಿಸಿದರು, ರಕ್ತದಲ್ಲಿ ಇಯೊಸಿನೊಫಿಲ್ ಎಣಿಕೆ ನೋಡಿದರು. ಉಸಿರಲ್ಲಿ ನೈಟ್ರಿಕ್ ಆಕ್ಸೈಡ್ ಎಷ್ಟಿದೆ ಅಂತ ಅಳೆಯೋ ಪರೀಕ್ಷೆಯೂ ಆಯ್ತು. ಐಎಲ್-13 ಜೋರಾದಾಗ ಆ ಅನಿಲ ಹೆಚ್ಚುತ್ತೆ, ಹಾಗಾಗಿ ಒಳಗಿನ ಮೆಸೇಜನ್ನ ಹೊರಗಿನಿಂದ ಕದ್ದು ಕೇಳಿದ ಹಾಗೆ.

ಈ ಊರಿನ ಗಾಳಿ ಬಗ್ಗೆ ಡಾಕ್ಟರುಗಳು ಹೇಳ್ತಾ ಬಂದಿರೋದು ಇವತ್ತು ನಿನ್ನೆಯದಲ್ಲ. ಬೆಂಗಳೂರಿನ ಮಕ್ಕಳ ತಜ್ಞ ಡಾ. ಎಚ್. ಪರಮೇಶ್ ಅವರ ಆಸ್ಪತ್ರೆ ಆಧಾರಿತ ಅಧ್ಯಯನದಲ್ಲಿ ಮಕ್ಕಳ ಅಸ್ತಮಾ ಪ್ರಮಾಣ 1979ರಲ್ಲಿ ಶೇ 9 ಇದ್ದದ್ದು 1999ರ ಹೊತ್ತಿಗೆ ಶೇ 29.5 ಆಗಿತ್ತು. ಆ 1999ರ ಮಕ್ಕಳು ಈಗ ನಮ್ಮ ವಯಸ್ಸಿನವರು. ನಿಮ್ಮ ಟೀಮಿನಲ್ಲೂ ಯಾರೋ ಒಬ್ಬರು ವಾಶ್‌ರೂಮಿಗೆ ಹೋಗಿ ಗುಟ್ಟಾಗಿ ಪಫ್ ಎಳೆದು ಬರ್ತಿರಬಹುದು. ನಾನೂ ಹಾಗೇ ಮಾಡ್ತಿದ್ದೆ.

ನನ್ನ ಪಟ್ಟಿ ಚಿಕ್ಕದು. ಸ್ಟೀರಾಯ್ಡ್ ಇರೋ ಇನ್ಹೇಲರ್ ಬೆಳಿಗ್ಗೆ, ರಾತ್ರಿ, ಸ್ಪೇಸರ್ ಹಾಕಿಕೊಂಡು, ಆಮೇಲೆ ಬಾಯಿ ಮುಕ್ಕಳಿಸಿ ಉಗುಳೋದು. ಕಮ್ಮಿ ಮಾಡೋದಿದ್ದರೂ ಡಾಕ್ಟರ್ ಹೇಳಿದ ಮೇಲೆ. ಆರಾಮಕ್ಕೆ ಎಳೆಯೋ ಇನ್ಹೇಲರ್ ವಾರಕ್ಕೆ ಎರಡು ಸಲಕ್ಕಿಂತ ಹೆಚ್ಚು ಬೇಕಾದರೆ ಅಪಾಯಿಂಟ್‌ಮೆಂಟ್ ತಗೋಬೇಕು ಅಂತ ಕ್ಯಾಲೆಂಡರಲ್ಲಿ ಬರೆದಿದ್ದೀನಿ. ಬೆಡ್‌ಶೀಟ್, ದಿಂಬಿನ ಕವರ್ ವಾರಕ್ಕೊಮ್ಮೆ ಬಿಸಿನೀರಲ್ಲಿ. ಅಟ್ಟ ಹತ್ತೋದು ಮಂಜು. ಇನ್ಹೇಲರ್ ಬಣ್ಣ ಕಂಪನಿಯಿಂದ ಕಂಪನಿಗೆ ಬದಲಾಗುತ್ತೆ, ಹಾಗಾಗಿ ಬಣ್ಣ ನಂಬದೆ ಹೆಸರು ಓದ್ತೀನಿ. ಒಂದು ವಾಕ್ಯ ಪೂರ್ತಿ ಹೇಳೋಕಾಗದಿದ್ದರೆ, ತುಟಿ ನೀಲಿಯಾದರೆ, ಪಫ್ ಎಳೆದರೂ ಇಳಿಯದಿದ್ದರೆ, ಬೆಳಗಾಗಲಿ ಅಂತ ಕಾಯೋದಿಲ್ಲ. ನೇರ ಆಸ್ಪತ್ರೆ.

ಹುಡುಗನ ಕಡೆಯವರಿಗೆ ಫೋನಲ್ಲೇ ಹೇಳಿದೆ, ನನಗೆ ಅಸ್ತಮಾ ಇದೆ ಅಂತ. "ಯೋಚನೆ ಮಾಡಿ ಹೇಳ್ತೀವಿ" ಅಂದರು, ಇನ್ನೂ ಹೇಳಿಲ್ಲ. ಇರಲಿ.

ಅಮ್ಮನಿಗೆ ಹೇಳೋದು ಅದಕ್ಕಿಂತ ಕಷ್ಟ ಇತ್ತು. ಸಂಕ್ರಾಂತಿಗೆ ಊರಿಗೆ ಹೋದಾಗ ಎರಡೂ ಇನ್ಹೇಲರ್ ಮೇಜಿನ ಮೇಲಿಟ್ಟು, ಫ್ಯಾಮಿಲಿ ಗ್ರೂಪಿನ ಹೋಲಿಕೆ ಕೊಟ್ಟು ಎಲ್ಲ ವಿವರಿಸಿದೆ. ನೆಂಟರ ವಿಷಯಕ್ಕೆ ನಕ್ಕಳು. ಆಮೇಲೆ ನೀಲಿಯದನ್ನ ಕೈಗೆ ತಗೊಂಡು ತುಂಬಾ ಹೊತ್ತು ನೋಡಿದಳು.

"ಅಕ್ಕನ ಹತ್ರ ಇದ್ದಿದ್ದು ಇದೊಂದೇ ಕಣೇ" ಅಂದಳು. "ಹಂಗಾದ್ರೆ ಇನ್ನೊಂದನ್ನ ಅವಳಿಗೆ ಯಾರೂ ಕೊಡಲೇ ಇಲ್ವಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಅಮ್ಮ ಎದ್ದು ಒಳಗೆ ಹೋದಳು. ಮಾರನೇ ಬೆಳಿಗ್ಗೆ ಹಲ್ಲುಜ್ಜೋಕೆ ಹೋದಾಗ ನೋಡಿದೆ. ಬಚ್ಚಲಮನೆ ಗೂಡಿನಲ್ಲಿ, ನನ್ನ ಬ್ರಷ್ಷಿನ ಪಕ್ಕದಲ್ಲಿ, ಸ್ಟೀರಾಯ್ಡ್ ಇನ್ಹೇಲರ್ ಇತ್ತು. ಎಲ್ಲರಿಗೂ ಕಾಣೋ ಹಾಗೆ.